ಹೋಲಿಕೆಯಲ್ಲಿ ನ್ಯಾಯವಾವುದು?

ಎರಡು ವಸ್ತುಗಳನ್ನು ಎದುರುಬದುರಾಗಿಟ್ಟುಕೊಂಡು ‘ಇದು ಮೇಲು, ಅದು ಕೀಳು’ ಎಂದು ಹೇಳುವುದು ಮನುಷ್ಯನಿಗೆ ಉಸಿರಾಟದಷ್ಟು ಸಹಜವಾದ ಕಾರ್ಯವಾಗಿದೆ. ಸಂತೆಯಲ್ಲಿ ಬದನೆಕಾಯಿಯನ್ನು ಆರಿಸುವ ಗೃಹಿಣಿಯೂ, ಗ್ರಂಥಗಳ ಗುಣದೋಷಗಳನ್ನು ವಿವೇಚಿಸುವ ಪಂಡಿತನೂ, ಇಬ್ಬರು ಸೊಸೆಯರ ನಡತೆಯನ್ನು ಮನಸ್ಸಿನಲ್ಲೇ ತೂಗುವ ಅತ್ತೆಯೂ ಮಾಡುತ್ತಿರುವುದು ಈ ಒಂದೇ ಕಾರ್ಯವನ್ನು. ಇಷ್ಟು ಸುಲಭವಾಗಿ ಒದಗಿ ಬರುವ ಕಾರ್ಯಕ್ಕೆ ಧರ್ಮಾಧರ್ಮಗಳ ವಿಚಾರವೇಕೆ ಎಂದು ಕೇಳುವವರುಂಟು. ಆದರೆ ಹೋಲಿಸಿ ಕೀಳೆಂದ ಮೇಲೆ ಆ ವಸ್ತುವನ್ನು ಮೂಲೆಗೆ ಎಸೆಯುತ್ತೇವೆ. ಅದು ಮನುಷ್ಯನಾಗಿದ್ದರೆ ಅವನ ಮಾತಿಗೆ ಕಿವಿಗೊಡುವುದನ್ನು ಬಿಡುತ್ತೇವೆ. ಸಂಸ್ಥೆಯಾಗಿದ್ದರೆ ಅದರ ಬಾಗಿಲಿಗೆ ಬೀಗ ಹಾಕುತ್ತೇವೆ. ಇಂತಹ ಫಲಗಳುಳ್ಳ ಕಾರ್ಯಕ್ಕೆ ನ್ಯಾಯದ ಕಟ್ಟು ಬೇಡವೆನ್ನುವುದು ಹೇಗೆ?

ನಮ್ಮ ನ್ಯಾಯದರ್ಶನದವರು ಉಪಮಾನವನ್ನು ನಾಲ್ಕು ಪ್ರಮಾಣಗಳಲ್ಲಿ ಒಂದೆಂದು ಎಣಿಸಿದ್ದಾರೆ. ಗವಯವೆಂಬ ಕಾಡುಮೃಗವು ಹಸುವನ್ನು ಹೋಲುತ್ತದೆಂದು ಕೇಳಿದವನು, ಅಡವಿಯಲ್ಲಿ ಅಂತಹ ಮೃಗವನ್ನು ಕಂಡೊಡನೆ ‘ಇದೇ ಗವಯ’ವೆಂದು ಅರಿಯುತ್ತಾನೆ. ಇದು ಗುರುತಿಸುವ ಹೋಲಿಕೆ. ನಾವು ಇಲ್ಲಿ ವಿಚಾರಿಸಲಿರುವುದು ತೂಗುವ ಹೋಲಿಕೆಯನ್ನು. ಅದಕ್ಕೆ ಹಿಂದಿನವರು ತಾರತಮ್ಯವೆಂಬ ಒಳ್ಳೆಯ ಹೆಸರನ್ನಿಟ್ಟಿದ್ದರು: ‘ತರ’, ‘ತಮ’ ಎಂಬ ಮೇಲುಮಟ್ಟಗಳನ್ನು ಬೇರ್ಪಡಿಸಿ ತಿಳಿಯುವ ವಿವೇಕವೆಂದು ಅದರ ಅರ್ಥ. ಇಂದಿನ ಕನ್ನಡದಲ್ಲಿ ‘ತಾರತಮ್ಯ ಮಾಡಿದರು’ ಎಂದರೆ ಪಕ್ಷಪಾತ ಮಾಡಿದರು ಎಂದೇ ಅರ್ಥವಾಗಿದೆ. ಒಂದು ಶಬ್ದವು ಹೀಗೆ ಕೆಡುವುದು ಅಕಾರಣವಾಗಿ ಅಲ್ಲ. ಜನರು ಆ ಕಾರ್ಯವನ್ನು ಹೇಗೆ ನಡೆಸಿಕೊಂಡು ಬಂದರೋ ಹಾಗೆಯೇ ಶಬ್ದವೂ ನಡೆಯಿತೆಂದು ತೋರುತ್ತದೆ.

ದೃಷ್ಟಾಂತಕ್ಕೆ ನಾವು ಆರಿಸಿಕೊಂಡಿರುವ ವಸ್ತು ಬಹಳ ಸಾಮಾನ್ಯವಾದುದು: ನೀರಿನ ನಲ್ಲಿ. ವಾಚಕರು ನಗಬಾರದು. ‘ಗಂಗಾಸ್ನಾನ, ತುಂಗಾಪಾನ’ ಎಂಬ ಗಾದೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಶಿವಮೊಗ್ಗೆಯವರಿಗೆ ಆ ತುಂಗೆಯು ಒಲಿದು ಮನೆಗೆ ಬರುವುದು ನಲ್ಲಿಯ ಬಾಯಿಂದಲೇ ಅಲ್ಲವೆ? ಶಿವಮೊಗ್ಗದ ಹಳೆಯ ಬೀದಿಗಳಲ್ಲಿಯೂ ಭದ್ರಾವತಿಯ ನ್ಯೂಟೌನಿನ ಕಾರ್ಖಾನೆಯ ವಸತಿಗೃಹಗಳಲ್ಲಿಯೂ ಎರಡು ತಲೆಮಾರುಗಳಿಂದ ಸೇವೆ ಮಾಡಿದ ಹಿತ್ತಾಳೆಯ ನಲ್ಲಿಗಳು ಇನ್ನೂ ಕಾಣಸಿಗುತ್ತವೆ. ತಿರುಪಿನ ಹಿಡಿ, ಅದರ ಕೆಳಗೆ ಇಳಿಯುವ ಕಡ್ಡಿ, ಕಡ್ಡಿಯ ತುದಿಯಲ್ಲಿ ವಾಷರು, ವಾಷರು ಕುಳಿತುಕೊಳ್ಳುವ ಹಿತ್ತಾಳೆಯ ಪೀಠ, ಕಡ್ಡಿಯ ಸುತ್ತ ನೀರು ಮೇಲೇರದಂತೆ ತುರುಕಿದ ಎಣ್ಣೆನೂಲು. ಇಷ್ಟೇ ಅದರ ಸಂಸಾರ. ಭಾರತೀಯ ಮಾನಕ ಸಂಸ್ಥೆಯವರು ಐ.ಎಸ್. ೭೮೧ ಎಂಬ ಸಂಖ್ಯೆಯಲ್ಲಿ ನಿಯಮಗಳನ್ನು ಬರೆದಿರುವುದು ಈ ಜಾತಿಯ ನಲ್ಲಿಗಳಿಗೇ.

ನೆರೆಯ ಮನೆಯೊಂದರಲ್ಲಿ ನಡೆದ ಸಂಗತಿ ಇದು. ಹಳೆಯ ನಲ್ಲಿಯು ತೊಟ್ಟಿಕ್ಕಹತ್ತಿತು. ಕ್ಷಣಕ್ಕೆ ಒಂದು ಹನಿಯಂತೆ ಬಿದ್ದು, ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದು ಎಣಿಸಿದರೂ ಅಹೋರಾತ್ರಿಯಲ್ಲಿ ನಾಲ್ಕು ಲೀಟರಿಗೂ ಮಿಗಿಲಾದ ನೀರು ವ್ಯರ್ಥವಾಗುತ್ತದೆ. ಮನೆಯ ಯಜಮಾನರು ಅಂಗಡಿಯಿಂದ ಪಿಂಗಾಣಿ ಬಿಲ್ಲೆಗಳುಳ್ಳ ಹೊಸ ನಲ್ಲಿಯೊಂದನ್ನು ತಂದು ಪಕ್ಕದ ಕೊಳವೆಗೆ ಹಾಕಿಸಿದರು. ಕಾಲು ಸುತ್ತು ತಿರುಗಿಸಿದರೆ ನೀರು ಧುಮುಕುವುದು, ಮರಳಿ ಕಾಲು ಸುತ್ತು ತಿರುಗಿಸಿದರೆ ಒಂದು ಹನಿಯೂ ಇಲ್ಲ. ಹಳೆಯದರಲ್ಲಿ ಕೊಡ ತುಂಬುವಷ್ಟರಲ್ಲಿ ಹೊಸದರಲ್ಲಿ ಒಂದೂವರೆ ಕೊಡ ತುಂಬಿತೆಂದು ಮಕ್ಕಳು ಕೂಗಿದರು. ಹಳೆಯ ನಲ್ಲಿಗೆ ಗುಜರಿಯೇ ಗತಿಯೆಂದು ಮನೆಯವರೆಲ್ಲರೂ ಒಪ್ಪಿದರು. ಅದನ್ನು ಬಿಚ್ಚಲು ಬಂದ ವೃದ್ಧ ಮಿಸ್ತ್ರಿ ಮಾತ್ರ ಅದನ್ನು ಅಂಗೈಯಲ್ಲಿ ತೂಗಿ ನೋಡಿ, “ಸ್ವಾಮಿ, ಇದರ ಒಳಗೆ ಸುಣ್ಣ ಕಟ್ಟಿದೆ, ಪೀಠದಲ್ಲಿ ಗೀರು ಬಿದ್ದಿದೆ; ನಲ್ಲಿಯದು ಏನೂ ತಪ್ಪಿಲ್ಲ. ವಾಷರು ಒಂದನ್ನೇ ಬದಲಾಯಿಸಿದರೆ ತಿಂಗಳು ಬರುತ್ತೆ, ಪೀಠವನ್ನೂ ಉಜ್ಜಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ” ಎಂದನು. ಹುಳಿನೀರಿನಲ್ಲಿ ನೆನೆಹಾಕಿ ಸುಣ್ಣವನ್ನು ಕಳೆದು, ಪೀಠವನ್ನು ಸಮಗೊಳಿಸಿ, ಹೊಸ ನೂಲನ್ನು ಸುತ್ತಿ ಮತ್ತೆ ಹಾಕಿದ ಮೇಲೆ ಕೊಡ ತುಂಬುವ ಹೊತ್ತಿನಲ್ಲಿ ಎರಡಕ್ಕೂ ಭೇದವೇ ಉಳಿಯಲಿಲ್ಲ.

ಹಾಗಾದರೆ ಮೊದಲ ದಿನ ಮನೆಯವರು ಹೋಲಿಸಿದುದು ಯಾವುದನ್ನು? ಹಳೆಯ ನಲ್ಲಿಯನ್ನೂ ಹೊಸ ನಲ್ಲಿಯನ್ನೂ ಹೋಲಿಸಿದೆವೆಂದು ಅವರು ತಿಳಿದರು. ವಾಸ್ತವವಾಗಿ ಅವರು ಹೋಲಿಸಿದುದು ತಮ್ಮ ಮೂವತ್ತು ವರ್ಷಗಳ ಅಲಕ್ಷ್ಯವನ್ನು ಅಂಗಡಿಯವನ ಮೂರು ದಿನಗಳ ಆರೈಕೆಯೊಡನೆ. ನೀತಿಯ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ: ಒಂದು ವಸ್ತುವನ್ನು ತೂಗುವುದಕ್ಕೆ ಮುಂಚೆ ಅದನ್ನು ಅದರ ಸ್ವಸ್ಥಿತಿಗೆ ತರುವುದು ತೂಗುವವನ ಕರ್ತವ್ಯವೋ, ಅಲ್ಲವೋ?

ಈ ಪ್ರಶ್ನೆಯನ್ನು ನಮಗಿಂತ ಎಚ್ಚರದಿಂದ ಇದಿರಿಸಿರುವವರು, ವಿನೋದದ ಸಂಗತಿಯೇನೆಂದರೆ, ಪಶ್ಚಿಮ ದೇಶಗಳಲ್ಲಿ ಮನೆಯಲ್ಲಿಯೇ ಬಿಯರನ್ನು ಪೀಪಾಯಿಯಿಂದ ನಲ್ಲಿಯ ಮೂಲಕ ಬಡಿಸಿಕೊಳ್ಳುವ ಹವ್ಯಾಸಿಗಳು. ಪಾನದ ವಿಚಾರದಲ್ಲಿ ನಮ್ಮ ಮನೆಗಳ ಅಭಿಪ್ರಾಯವು ಏನೆಂಬುದು ತಿಳಿದೇ ಇದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯವನ್ನು ತಯಾರಿಸುವುದನ್ನು ನಮ್ಮ ರಾಜ್ಯದ ೧೯೬೫ರ ಅಬಕಾರಿ ಕಾಯಿದೆಯೂ ಒಪ್ಪುವುದಿಲ್ಲ. ಆದರೆ ಅವರ ನಲ್ಲಿಯಿಂದ ಕಲಿಯುವುದಕ್ಕೆ ಅವರ ಪಾನೀಯವನ್ನು ಕುಡಿಯಬೇಕಾಗಿಲ್ಲ. ಮೇಲಾಗಿ ಅದೇ ನಲ್ಲಿಯಿಂದ ಈಗ ತಣ್ಣನೆಯ ಕಾಫಿಯನ್ನೂ ನೊರೆಗಟ್ಟಿಸಿ ಹಂಚುತ್ತಾರೆ. ಕಾಫಿಯ ನೊರೆಯ ವಿಷಯದಲ್ಲಿ ಮಲೆನಾಡಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆ ನಲ್ಲಿಯ ಮರ್ಮವು ಹೀಗಿದೆ. ಐರ್ಲೆಂಡಿನ ಗಿನ್ನೆಸ್ ಎಂಬ ಕಂಪೆನಿಯಲ್ಲಿದ್ದ ಮೈಕೇಲ್ ಆಶ್ ಎಂಬ ಗಣಿತಜ್ಞನು ಮುಂದೆ ನಿಂತು ರೂಪಿಸಿದ, ಸಾರಜನಕ ವಾಯುವಿನ ಸಹಾಯದಿಂದ ಬಿಯರನ್ನು ಬಡಿಸುವ ವಿಧಾನವು ೧೯೫೯ರಲ್ಲಿ ಬಳಕೆಗೆ ಬಂದಿತು. ಸಾಮಾನ್ಯವಾದ ಬಿಯರಿನಲ್ಲಿ ಇಂಗಾಲದ ಡೈಆಕ್ಸೈಡು ಕರಗಿರುತ್ತದೆ. ಸಾರಜನಕವಾದರೋ ನೀರಿನಲ್ಲಿ ಅದರ ಸುಮಾರು ಐವತ್ತರಲ್ಲೊಂದು ಪಾಲಿನಷ್ಟು ಮಾತ್ರ ಕರಗುತ್ತದೆ. ಆದುದರಿಂದ ಮೂರು ಪಾಲು ಸಾರಜನಕಕ್ಕೆ ಒಂದು ಪಾಲು ಇಂಗಾಲದ ಡೈಆಕ್ಸೈಡನ್ನು ಬೆರೆಸಿ, ಚದರ ಅಂಗುಲಕ್ಕೆ ಮೂವತ್ತು ಪೌಂಡಿಗೂ ಮೇಲ್ಪಟ್ಟ ಒತ್ತಡದಲ್ಲಿ ನೂಕಿ, ನಲ್ಲಿಯ ಒಳಗೆ ಕೂರಿಸಿದ ಸಣ್ಣ ರಂಧ್ರಗಳ ಬಿಲ್ಲೆಯ ಮೂಲಕ ಹಾಯಿಸುತ್ತಾರೆ. ಆ ಕಿರಿದಾದ ಕಂಡಿಗಳಲ್ಲಿ ನುಗ್ಗಿ ಕಲಕಿಹೋದಾಗ ಕರಗಿದ್ದ ಸಾರಜನಕವು ಅತಿ ಸೂಕ್ಷ್ಮವಾದ ಗುಳ್ಳೆಗಳಾಗಿ ಹೊರಬಿದ್ದು ಕೆನೆಯಂತಹ ನೊರೆಯಾಗುತ್ತದೆ. ಬಿಲ್ಲೆಯ ರಂಧ್ರವೊಂದು ಮುಚ್ಚಿದರೆ, ಒಳಗಿನ ರಬ್ಬರಿನ ಬಳೆ ಒಣಗಿ ಬಿರಿದರೆ, ನೊರೆಯ ರೂಪವೇ ಕೆಡುತ್ತದೆ.

ಮುಚ್ಚಿಹೋದ ಪಾನಗೃಹಗಳಿಂದ ಬಂದ ಇಂತಹ ಹಳೆಯ ನಲ್ಲಿಗಳನ್ನು ಹವ್ಯಾಸಿಗಳು ಅಲ್ಪಬೆಲೆಗೆ ಕೊಂಡು ತರುತ್ತಾರೆ. ‘ಇವುಗಳಲ್ಲಿ ಯಾವುದು ಉತ್ತಮ?’ ಎಂಬ ಪ್ರಶ್ನೆ ಬಂದಾಗ ಅವರಲ್ಲಿ ವಿವೇಕಿಯಾದವನು ತಂದ ದಿನವೇ ತೀರ್ಪು ಕೊಡುವುದಿಲ್ಲ. ಪ್ರತಿಯೊಂದನ್ನೂ ಬಿಚ್ಚಿ, ವರ್ಷಗಳಿಂದ ಅಂಟಿದ ಕಿಟ್ಟವನ್ನು ತೊಳೆದು, ರಬ್ಬರಿನ ಬಳೆಗಳನ್ನೆಲ್ಲ ಹೊಸದಾಗಿ ಹಾಕಿ, ಒಂದೇ ಪೀಪಾಯಿಯಿಂದ, ಒಂದೇ ಒತ್ತಡದಲ್ಲಿ, ಒಂದೇ ಶೈತ್ಯದಲ್ಲಿ, ಒಂದೇ ಉದ್ದದ ಕೊಳವೆಯಿಂದ ಸುರಿಸಿ ನೋಡುತ್ತಾನೆ. ಆಮೇಲೆ ಉಳಿದ ಭೇದವು ಯಾವುದೋ ಅದು ಮಾತ್ರ ನಲ್ಲಿಯದು. ನ್ಯಾಯಾಸನದಲ್ಲಿ ಕುಳಿತವರಲ್ಲಿಯೂ ಅಪರೂಪವಾದ ಈ ಸಂಯಮವು ಒಂದು ಲೋಟ ನೊರೆಗಾಗಿ ಸಾಧಿತವಾಗಿರುವುದು ಸೋಜಿಗವಲ್ಲವೆ!

ಇಷ್ಟಕ್ಕೇ ‘ಹಳೆಯದೆಲ್ಲವೂ ಹೊನ್ನು’ ಎಂಬ ಅಗ್ಗದ ಸಿದ್ಧಾಂತಕ್ಕೆ ನಾವು ಬರುತ್ತಿರುವೆವೆಂದು ಯಾರೂ ತಿಳಿಯಬಾರದು. ಆಯುರ್ವೇದದಲ್ಲಿ ರೋಗಗಳನ್ನು ನಿಜ, ಆಗಂತು ಎಂದು ವಿಂಗಡಿಸುತ್ತಾರೆ: ದೇಹದೊಳಗಿನ ದೋಷಗಳಿಂದಲೇ ಹುಟ್ಟುವವು ಒಂದು ಬಗೆ, ಹೊರಗಿನ ಪೆಟ್ಟು ಮುಂತಾದುವುಗಳಿಂದ ಬರುವವು ಇನ್ನೊಂದು ಬಗೆ. ಈ ವಿಭಾಗವನ್ನೇ ನಾವು ವಸ್ತುಗಳಿಗೂ ಅನ್ವಯಿಸಬಹುದು. ಸುಣ್ಣ ಕಟ್ಟಿದುದು, ವಾಷರು ಸವೆದುದು ಆಗಂತುಕವಾದ ಕುಂದು. ಆರೈಕೆಯಿಂದ ಅದು ಹೋಗುತ್ತದೆ. ಆದರೆ ಹಿತ್ತಾಳೆಯನ್ನು ಸುಲಭವಾಗಿ ಕೊರೆಯಲು ಬರಲೆಂದು ಅದರಲ್ಲಿ ನೂರಕ್ಕೆ ಎರಡು ಮೂರು ಪಾಲು ಸೀಸವನ್ನು ಬೆರೆಸುವ ರೂಢಿಯಿತ್ತು; ಇರುಳೆಲ್ಲ ನಿಂತ ನೀರಿನೊಳಕ್ಕೆ ಆ ಸೀಸವು ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ; ಎಳೆಯ ಮಕ್ಕಳ ಮಿದುಳಿಗೆ ಅದು ವಿಷ. ಅಮೆರಿಕದಲ್ಲಿ ೨೦೧೪ರಿಂದ ಕುಡಿಯುವ ನೀರಿನ ನಲ್ಲಿಗಳಲ್ಲಿ ನೀರು ಸೋಕುವ ಭಾಗಗಳ ಸೀಸವು ನೂರಕ್ಕೆ ೦.೨೫ನ್ನು ಮೀರಬಾರದೆಂದು ಕಟ್ಟಳೆ ಮಾಡಿದ್ದಾರೆ. ಹಳೆಯ ನಲ್ಲಿಯನ್ನು ಎಷ್ಟು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಸಿದರೂ ಈ ಕುಂದು ಹೋಗುವುದಿಲ್ಲ. ಅದು ಲೋಹದ ಹುಟ್ಟುಗುಣ. ಬಿಯರಿನ ಹವ್ಯಾಸಿಗಳು ಮೆರುಗು ಸವೆದ ಹಿತ್ತಾಳೆಯ ನಲ್ಲಿಯನ್ನು ಬಿಟ್ಟು ತುಕ್ಕುಹಿಡಿಯದ ಉಕ್ಕಿನದನ್ನು ಮೆಚ್ಚುವುದೂ ಇಂತಹ ಕಾರಣಕ್ಕಾಗಿಯೇ; ಹುಳಿಯುಳ್ಳ ಪಾನೀಯವು ಬರಿಯ ಹಿತ್ತಾಳೆಯನ್ನು ತಿನ್ನುತ್ತದೆ. ಮೇಲೆ ಹೇಳಿದ ಮನೆಯಲ್ಲಿ ಉಜ್ಜಿದ ನಲ್ಲಿಯು ಹಿತ್ತಿಲ ಬಟ್ಟೆಯ ಕಲ್ಲಿನ ಬಳಿಗೆ ಹೋಯಿತು, ಹೊಸದು ಅಡುಗೆಮನೆಯಲ್ಲಿ ಉಳಿಯಿತು. ನಮ್ಮ ಅಭಿಪ್ರಾಯದಲ್ಲಿ ಅದು ಯೋಗ್ಯವಾದ ವ್ಯವಸ್ಥೆ. ಆಗಂತುಕವನ್ನು ಕಳೆದ ಬಳಿಕವೇ ಸಹಜವಾದ ಕುಂದು ಎಷ್ಟೆಂಬುದು ಕಾಣಿಸುತ್ತದೆ. ಇಲ್ಲವಾದರೆ ಎರಡೂ ಕಲಸಿಹೋಗಿ, ತೊಟ್ಟಿಕ್ಕಿದ ತಪ್ಪಿಗೆ ನಲ್ಲಿಯನ್ನು ದಂಡಿಸಿ, ಸೀಸದ ತಪ್ಪನ್ನು ಅರಿಯದೆಯೇ ಉಳಿಯುತ್ತೇವೆ.

ಈಗ ನಲ್ಲಿಯನ್ನು ಬಿಟ್ಟು, ಒಂದು ಕಾಲದಲ್ಲಿ ನೀರಿನ ಎರಕದ ಕೊಳವೆಗಳನ್ನೇ ಮಾಡುತ್ತಿದ್ದ ಊರಿನ ಕಡೆಗೆ ಹೊರಳೋಣ. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಎದ್ದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು ೧೯೨೩ರ ಜನವರಿಯಲ್ಲಿ ಉರಿಯತೊಡಗಿತು. ಕಲ್ಲಿದ್ದಲು ದೂರವಾದುದರಿಂದ ಮಲೆನಾಡಿನ ಕಟ್ಟಿಗೆಯ ಇದ್ದಲನ್ನೂ, ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯ ಅದಿರನ್ನೂ ನೆಚ್ಚಿ ನಡೆದ ಉದ್ಯಮವದು. ಮುಂದೆ ಇದ್ದಲು ಹೋಗಿ ವಿದ್ಯುತ್ತು ಬಂದಿತು. ೧೯೮೯ರಲ್ಲಿ ಕಾರ್ಖಾನೆಯು ಭಾರತೀಯ ಉಕ್ಕು ಪ್ರಾಧಿಕಾರದ ಅಧೀನವಾಯಿತು, ೧೯೯೮ರಲ್ಲಿ ಅದರಲ್ಲಿಯೇ ವಿಲೀನವಾಯಿತು. ೨೦೧೬ರಲ್ಲಿ ಮಾರಾಟದ ನಿರ್ಧಾರ, ೨೦೨೨ರಲ್ಲಿ ಕೊಳ್ಳುವವರ ಆಸಕ್ತಿ ಸಾಲದೆಂದು ಆ ಪ್ರಯತ್ನದ ರದ್ದತಿ, ೨೦೨೩ರ ಜನವರಿಯಲ್ಲಿ, ಅಂದರೆ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಗಳಾದ ತಿಂಗಳಲ್ಲಿ, ಮುಚ್ಚುವ ಪ್ರಕಟಣೆ. ಕಾರ್ಮಿಕರು ಬೀದಿಗಿಳಿದು ಧರಣಿ ಕೂತದ್ದನ್ನು ಜಿಲ್ಲೆಯೆಲ್ಲ ನೋಡಿತು.

ಇತರ ಉಕ್ಕಿನ ಕಾರ್ಖಾನೆಗಳೊಡನೆ ಹೋಲಿಸಿದರೆ ಭದ್ರಾವತಿಯದು ನಷ್ಟದ ಉದ್ಯಮವೆಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ಲೆಕ್ಕವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಎಷ್ಟು ಸುಣ್ಣ, ಎಷ್ಟು ಸೀಸ? ಸಮುದ್ರಕ್ಕೂ ಕಲ್ಲಿದ್ದಲಿಗೂ ದೂರವಾಗಿರುವುದು, ಗಾತ್ರದಲ್ಲಿ ಸಣ್ಣದಾಗಿರುವುದು, ಇವು ಆ ಸ್ಥಳದ ಹುಟ್ಟುಗುಣಗಳು. ಯಾವ ಆರೈಕೆಯಿಂದಲೂ ಹೋಗುವುವಲ್ಲ. ಅದಿರಿಗೆ ಸ್ವಂತ ಗಣಿಯಿಲ್ಲದೆ ಮಾಡಿದುದು, ಯಂತ್ರಗಳಿಗೆ ಕಾಲಕಾಲಕ್ಕೆ ಬಂಡವಾಳವನ್ನು ಹಾಕದಿದ್ದುದು, ಮುಚ್ಚುತ್ತೇವೆ ಮಾರುತ್ತೇವೆ ಎಂದು ವರ್ಷಗಟ್ಟಲೆ ತೂಗಾಡಿಸಿದುದು, ಇವು ಆಗಂತುಕ. ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿಸಿ ‘ನಷ್ಟ’ವೆಂದು ಬರೆದರೆ ಅಂಕಗಣಿತವು ಸರಿಯಾಗಿಯೂ ತೀರ್ಪು ತಪ್ಪಾಗಿಯೂ ಇರಬಹುದು. ಇಲ್ಲಿ ಇನ್ನೊಂದು ತೊಡಕೂ ಉಂಟು. ತನ್ನ ತಪ್ಪಿನಿಂದ ತಾನೇ ಲಾಭ ಪಡೆಯಲಾಗದೆಂಬುದು ನ್ಯಾಯಾಲಯಗಳಲ್ಲಿ ಹಳೆಯ ನಿಯಮ. ಯಾರ ಅಲಕ್ಷ್ಯದಿಂದ ವಸ್ತುವು ಕೆಟ್ಟಿತೋ ಅವರೇ ತಕ್ಕಡಿಯನ್ನು ಹಿಡಿದು ‘ಇದು ಕೆಟ್ಟಿದೆ’ ಎಂದರೆ, ಮಾತು ನಿಜವಾದರೂ ಹೇಳುವ ಅಧಿಕಾರವು ಅವರಿಗೆ ಎಷ್ಟರಮಟ್ಟಿಗೆ ಇದೆ?

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವನ್ನು ತರಬಹುದು. ‘ಸರಿಪಡಿಸಿ ಹೋಲಿಸಿ ಎನ್ನುತ್ತೀರಿ; ಸರಿಪಡಿಸುತ್ತ ಹೋದರೆ ಹಳೆಯದರಲ್ಲಿ ಹಳೆಯದೇನು ಉಳಿಯಿತು? ಕೊನೆಗೆ ಹೊಸದನ್ನು ಹೊಸದರೊಡನೆ ಹೋಲಿಸಿದಂತಾಯಿತಷ್ಟೆ.’ ಗ್ರೀಕರು ಇದನ್ನು ಥೀಸಿಯಸನ ಹಡಗಿನ ಹೆಸರಿನಲ್ಲಿ ಚರ್ಚಿಸಿದರು. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದ ಹಡಗು ಅದೇ ಹಡಗೇ ಎಂಬ ಜಿಜ್ಞಾಸೆಯನ್ನು ಪ್ಲುಟಾರ್ಕನು ದಾಖಲಿಸಿದ್ದಾನೆ. ನಮ್ಮಲ್ಲಿ ಭಿಕ್ಷು ನಾಗಸೇನನು ಮಿಲಿಂದ ರಾಜನನ್ನು ‘ಗಾಲಿಯು ರಥವೇ? ಅಚ್ಚು ರಥವೇ? ನೊಗವು ರಥವೇ?’ ಎಂದು ಕೇಳಿ, ರಥವೆಂಬುದು ಇವೆಲ್ಲದರ ಜೋಡಣೆಗೆ ಇಟ್ಟ ಹೆಸರೆಂದು ಒಪ್ಪಿಸಿದನು. ಈ ಉತ್ತರವೇ ನಮಗೆ ಇಲ್ಲಿ ಉಪಯುಕ್ತವಾಗಿದೆ. ವಾಷರು, ನೂಲು, ರಬ್ಬರಿನ ಬಳೆ, ಇವು ಸವೆಯುವುದಕ್ಕಾಗಿಯೇ ಮಾಡಿದ ಅಂಗಗಳು. ಬದಲಾಯಿಸಿದರೆ ನಲ್ಲಿಯ ಜೋಡಣೆಗೆ ಭಂಗವಿಲ್ಲ. ಬೇರೊಬ್ಬರು ಮಾಡಿದ ಮೂತಿಯನ್ನೂ ಬಿಲ್ಲೆಯನ್ನೂ ತಂದು ಕೂರಿಸಿದರೆ ಮಾತ್ರ ನಾವು ಹೊಗಳುವುದು ಇನ್ನೊಬ್ಬರ ಕೈಕೆಲಸವನ್ನು. ಮಾಡಿದವನು ಯಾವ ಸ್ಥಿತಿಯನ್ನು ಉದ್ದೇಶಿಸಿದ್ದನೋ ಅಲ್ಲಿಯವರೆಗೆ ಮಾತ್ರ ಜೀರ್ಣೋದ್ಧಾರ. ಅದರಾಚೆ ಹೋದರೆ ಅದು ಮಾರುವೇಷ. ಇದ್ದಲಿನಿಂದ ವಿದ್ಯುತ್ತಿಗೆ ಬಂದ ಭದ್ರಾವತಿಯು ಅದೇ ಕಾರ್ಖಾನೆಯೋ ಎಂದು ಕೇಳಿದರೆ, ಕುಲುಮೆಯು ಹೋದರೂ ಉಕ್ಕನ್ನು ಬಲ್ಲ ಕೈಗಳ ಪರಂಪರೆಯು ತಂದೆಯಿಂದ ಮಗನಿಗೆ ಬಂದುದರಿಂದ ಅದೇ ಎಂದು ನಾವು ಹೇಳುತ್ತೇವೆ. ಇತರರು ಬೇರೆಯಾಗಿ ಹೇಳಬಹುದು.

ಇನ್ನೊಂದು ಆಕ್ಷೇಪವು ಲೌಕಿಕವಾದುದು, ಆದುದರಿಂದಲೇ ಬಲವಾದುದು. ಬಾಯಾರಿದ ಮನೆಯು ಮಿಸ್ತ್ರಿಗಾಗಿ ಎಷ್ಟು ದಿನ ಕಾಯಬೇಕು? ಸರಿಪಡಿಸುವ ಕೂಲಿಗೆ ಹೊಸದೇ ಬರುವಾಗ ಬಡವನು ಏನು ಮಾಡಬೇಕು? ಅವನು ಹೊಸದನ್ನೇ ಕೊಳ್ಳಲಿ. ಅದರಲ್ಲಿ ಅಧರ್ಮವೇನೂ ಇಲ್ಲ. ಆಯ್ಕೆ ಬೇರೆ, ತೀರ್ಪು ಬೇರೆ. ‘ನನಗೆ ಈಗ ಇದು ಅನುಕೂಲ’ವೆಂದು ಆರಿಸಿಕೊಳ್ಳುವವನು ಯಾರಿಗೂ ಅನ್ಯಾಯ ಮಾಡುವುದಿಲ್ಲ; ‘ಅದು ಕೀಳು, ಆದುದರಿಂದ ಬಿಟ್ಟೆ’ ಎನ್ನುವವನು ತನ್ನ ಅನುಕೂಲಕ್ಕೆ ನ್ಯಾಯಾಧೀಶನ ನಿಲುವಂಗಿಯನ್ನು ತೊಡಿಸುತ್ತಾನೆ. ಸರಕಾರವೊಂದು ‘ಈ ಕಾರ್ಖಾನೆಗೆ ಹಾಕಲು ನಮ್ಮಲ್ಲಿ ಹಣವಿಲ್ಲ’ವೆಂದರೆ ಅದನ್ನು ಎದುರಿಸಿ ವಾದಿಸಬಹುದು, ‘ಈ ಕಾರ್ಖಾನೆ ಯೋಗ್ಯವಲ್ಲ’ವೆಂದರೆ ಸಾವಿರಾರು ಜನರ ಜೀವಮಾನದ ದುಡಿಮೆಗೆ ಬೆಲೆಯಿಲ್ಲವೆಂದು ಹೇಳಿದಂತಾಗುತ್ತದೆ.

ಮನೆಯೊಳಗೆ ಈ ಅನ್ಯಾಯವು ಇನ್ನೂ ಮೆತ್ತಗೆ ನಡೆಯುತ್ತದೆ. ಎಂಬತ್ತು ದಾಟಿದ ತಾತನವರಿಗೆ ‘ಬುದ್ಧಿ ಮಂಕಾಯಿತು’ ಎಂದು ಮಕ್ಕಳು ತೀರ್ಮಾನಿಸುತ್ತಾರೆ. ಕೇಳಿದ್ದೊಂದಕ್ಕೆ ಅವರು ಹೇಳುವುದೊಂದು. ಕಿವಿಯ ವೈದ್ಯರಿಗೆ ತೋರಿಸಿ, ಗುಗ್ಗೆಯನ್ನು ತೆಗೆಸಿ, ಶ್ರವಣಯಂತ್ರವನ್ನು ಹಾಕಿಸಿದ ಮೇಲೆ ಅವರೇ ಜಮೀನಿನ ಎಲ್ಲೆಗಳನ್ನೂ ಐವತ್ತು ವರ್ಷ ಹಿಂದಿನ ಸಾಲದ ಬಡ್ಡಿಯನ್ನೂ ತಪ್ಪಿಲ್ಲದೆ ಹೇಳುವುದುಂಟು. ಎಲ್ಲ ತಾತಂದಿರಿಗೂ ಹೀಗಾಗುವುದಿಲ್ಲ. ಕೆಲವರ ಮರೆವು ನಿಜವಾದ ಮರೆವೇ. ಯಾವುದು ಯಾವುದೆಂದು ತಿಳಿಯುವುದು ಮಾತ್ರ ಕಿವಿಯನ್ನು ತೊಳೆಸಿದ ಬಳಿಕ. ಮಾಡು ಸೋರುವ ಸರಕಾರಿ ಶಾಲೆಯನ್ನು ನಿನ್ನೆ ಬಣ್ಣ ಹಚ್ಚಿದ ಖಾಸಗಿ ಶಾಲೆಯೊಡನೆ ಹೋಲಿಸುವವರಿಗೂ ಇದನ್ನೇ ಹೇಳಬಹುದು.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ, ಎಂಟನೆಯ ಸಂಪುಟಗಳಲ್ಲಿ ೧೯೦೨, ೧೯೦೪ರಲ್ಲಿ ಪ್ರಕಟಿಸಿದರು. ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಬಹುಮಟ್ಟಿಗೆ ಕಾಣಬರುವ ಒಂದು ಭಾವವೇನೆಂದರೆ, ತಾನು ದಾನ ಮಾಡುವುದಕ್ಕಿಂತ ಇತರರು ಮಾಡಿದ ದಾನವನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬುದು. ಕೊಟ್ಟವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ತಲೆಮಾರಿಗೊಮ್ಮೆ ಕೆರೆಯ ತೂಬನ್ನು ಬಿಚ್ಚಿ ಕೆಸರು ತೆಗೆದವನ ಹೆಸರು ಉಳಿಯುವುದು ವಿರಳ. ಆದುದರಿಂದಲೇ ಆ ಮಾತನ್ನು ಅಷ್ಟು ಸಲ ಕಡೆಯಿಸಬೇಕಾಯಿತೇನೋ.

ಕಾಪಾಡುವ ವಿದ್ಯೆಯೇ ಅಳಿದರೆ ಹೋಲಿಕೆಗೆ ಅವಕಾಶವೇ ತಪ್ಪುತ್ತದೆ. ನಲ್ಲಿಯ ಪೀಠವನ್ನು ಉಜ್ಜುವುದಕ್ಕೆ ಒಂದು ಸಣ್ಣ ಉಪಕರಣವುಂಟು: ತುದಿಯಲ್ಲಿ ಹಲ್ಲುಳ್ಳ ಬಿಲ್ಲೆ, ಮೇಲೆ ತಿರುಗಿಸುವ ಹಿಡಿ. ಪೇಟೆಯ ಅಂಗಡಿಗಳಲ್ಲಿ ವಿಚಾರಿಸಿದರೆ ‘ಯಾರೂ ಕೇಳುವುದಿಲ್ಲ, ಆದುದರಿಂದ ತರಿಸುವುದಿಲ್ಲ’ ಎನ್ನುತ್ತಾರೆ. ಅದು ದೊರೆಯದ ಊರಿನಲ್ಲಿ ಹಳೆಯ ನಲ್ಲಿಗಳೆಲ್ಲವೂ ಕೆಟ್ಟವೇ, ಹೊಸವೆಲ್ಲವೂ ಒಳ್ಳೆಯವೇ. ಬೇರೆ ತೀರ್ಪು ಬರುವುದಕ್ಕೆ ದಾರಿಯಿಲ್ಲ. ಮೇಲೆ ಹೇಳಿದ ವೃದ್ಧ ಮಿಸ್ತ್ರಿಯ ಬಳಿ ಅಂತಹದೊಂದು ಉಳಿದಿದೆ. ಅವನ ಮಕ್ಕಳು ಬೇರೆ ಕಸುಬುಗಳನ್ನು ಹಿಡಿದಿದ್ದಾರೆ. ಕಲಿಯಲು ಯಾರಾದರೂ ಬಂದರೆ ಹೇಳಿಕೊಡಲು ಅಡ್ಡಿಯಿಲ್ಲವೆಂದು ಅವನು ಹೇಳಿದ್ದಾನೆ. ಎರಡು ದಿನಗಳ ಕೆಲಸವಂತೆ.